ಡೋಲು ಬೇಕು, ಡೋಲಿನವನು ಬೇಡ

ಅಮೆರಿಕದ ಷಿಕಾಗೋ ನಗರದಲ್ಲಿ ಕಪ್ಪು ಜನಾಂಗದ ವಾದ್ಯಗಾರರು 1902ರಲ್ಲಿ ಪ್ರತ್ಯೇಕ ಸಂಘ ಕಟ್ಟಿಕೊಂಡರು. ಬಿಳಿಯರ ಸಂಘದೊಡನೆ ಅದು ಒಂದಾದದ್ದು 1966ರಲ್ಲಿ. ನಮ್ಮ ತುಳುನಾಡಿನಲ್ಲಿ ಕೊರಗರಿಗೆ ಅಂಥ ಸಂಘವೂ ಇರಲಿಲ್ಲ, ಒಲ್ಲೆನೆನ್ನುವ ಹಕ್ಕೂ ಇರಲಿಲ್ಲ. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಇಬ್ಬನಿಗೆ ಮೈಯೊಡ್ಡಿ ಅವರು ಡೋಲು ಬಾರಿಸಬೇಕಿತ್ತು. ಕೋಣಗಳಿಗೆ ಮುಂಚೆ ಅವರನ್ನೇ ಓಡಿಸುವುದೂ ಇತ್ತು. ಕರ್ನಾಟಕ ಸರಕಾರವು 2000ದ ಕಾಯಿದೆಯಿಂದ ಈ ಅಜಲು ಪದ್ಧತಿಯನ್ನು ನಿಷೇಧಿಸಿತು.

ಡೋಲು ದಾಸ್ಯದ ಗುರುತೆಂದು ಕೆಲವು ಕೊರಗರು ಅದನ್ನು ತೊರೆದರು; ತಮ್ಮ ಕಲೆಯೆಂದು ಕೆಲವರು ವೇದಿಕೆಗೆ ತಂದರು. ಆಯ್ಕೆ ಅವರದೇ ಆಗಿರುವುದು ನ್ಯಾಯ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಮ್ಮ ಹಬ್ಬದ ಮೆರವಣಿಗೆ ಮುಗಿದ ಮೇಲೆ ವಾದ್ಯದವರು ಯಾರ ಪಂಕ್ತಿಯಲ್ಲಿ ಉಣ್ಣುತ್ತಾರೆ?