ವಾರಕ್ಕೆ ಎರಡು ಗಂಟೆ

1997ರಲ್ಲಿ ಇಡೀ ಭಾರತ ಔಷಧಿಯಾಗಿ ಬಳಸಿದ ಮಾರ್ಫಿನ್ ಸುಮಾರು 18 ಕಿಲೋ. ತೊಂಬತ್ತು ಕೋಟಿ ದಾಟಿದ್ದ ಜನಕ್ಕೆ ಒಂದು ಅಕ್ಕಿ ಚೀಲದಷ್ಟೂ ಇಲ್ಲ. ಇದರಲ್ಲಿನ ವ್ಯಂಗ್ಯ ಬೇರೆಯೇ ಇದೆ. ಮಾರ್ಫಿನ್ ಬರುವುದು ಅಫೀಮಿನಿಂದ. ಆ ಅಫೀಮನ್ನು ಸರ್ಕಾರದ ಪರವಾನಗಿಯಲ್ಲೇ ಬೆಳೆದು, ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಹದಮಾಡಿ ಹೊರದೇಶಗಳಿಗೆ ಕಳಿಸುವ ದೇಶ ನಮ್ಮದು. ಊರಿನವರ ನೋವಿಗೆ ಮಾತ್ರ ಅದು ಸಿಗುತ್ತಿರಲಿಲ್ಲ.

ಮಾದಕ ವಸ್ತುಗಳ ಕಳ್ಳಸಾಗಣೆ ತಡೆಯಲು 1985ರಲ್ಲಿ ಬಂದ ಕಾಯ್ದೆ ಇದಕ್ಕೆ ಮುಖ್ಯ ಕಾರಣ. ಆಗ ತಪ್ಪಿದರೆ ಕನಿಷ್ಠ ಹತ್ತು ವರ್ಷ ಜೈಲಿತ್ತು. ಮಾರ್ಫಿನ್ ತರಿಸಬೇಕೆಂದ ಆಸ್ಪತ್ರೆ ಅಬಕಾರಿ ಇಲಾಖೆಯಿಂದ ಔಷಧ ನಿಯಂತ್ರಕರವರೆಗೆ ಹಲವು ಬಾಗಿಲು ತಟ್ಟಿ ಹಲವು ಪರವಾನಗಿ ಪಡೆಯಬೇಕಿತ್ತು, ಅವೆಲ್ಲವೂ ಒಂದೇ ಸಮಯಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಗಡುವು ಮುಗಿದಿರುತ್ತಿತ್ತು. ಯಾರಿಗೆ ಬೇಕು ಈ ಉಸಾಬರಿ ಎಂದು ಔಷಧ ಅಂಗಡಿಗಳು ಕೈಬಿಟ್ಟವು, ಆಸ್ಪತ್ರೆಗಳೂ ಬಿಟ್ಟವು. ಮಾರ್ಫಿನ್ ಮಾತ್ರೆಯನ್ನು ಕಣ್ಣಿಂದ ಕಾಣದೆಯೇ ಒಂದು ತಲೆಮಾರಿನ ವೈದ್ಯರು ಪದವಿ ಮುಗಿಸಿ ಹೊರಬಂದರು.

ಕ್ಯಾನ್ಸರ್‌ಗೆ ಆಸ್ಪತ್ರೆಗಳೇ ಇರಲಿಲ್ಲ ಎಂದಲ್ಲ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ 1941ರಲ್ಲೇ ತೆರೆದಿತ್ತು. ಕ್ಯಾನ್ಸರ್‌ನಿಂದ ತಂಗಿಯನ್ನು ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹಟ ಹಿಡಿದು ಕಟ್ಟಿದ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1954ರಲ್ಲಿ ಶುರುವಾಯಿತು. ಬೆಂಗಳೂರಿನ ಕಿದ್ವಾಯಿ 1973ರದು. ಇವೆಲ್ಲ ಗುಣಪಡಿಸುವ ಛಲದಿಂದ ಕಟ್ಟಿದ ಸಂಸ್ಥೆಗಳು, ಆ ಕೆಲಸ ಸಣ್ಣದೂ ಅಲ್ಲ. ಆದರೆ ನಮ್ಮಲ್ಲಿ ರೋಗಿಗಳು ಆಸ್ಪತ್ರೆ ಮುಟ್ಟುವುದೇ ತಡವಾಗಿ. ಕಿಮೋ ಆಯಿತು, ಕರೆಂಟ್ ಕೊಟ್ಟಿದ್ದಾಯಿತು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂಬ ಮಾತು ಕೇಳಿದ ಮೇಲೆ ಆ ಸಂಸಾರಕ್ಕೆ ಹೋಗಲು ಜಾಗವಿರಲಿಲ್ಲ. 1986ರಲ್ಲಿ ಡಾ. ಎಲ್. ಜೆ. ಡಿಸೋಜಾ ಮುಂಬೈಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ತೆರೆದು, ಕೊನೆಯ ದಿನಗಳ ಆರೈಕೆಗೆಂದೇ ಒಂದು ಮನೆ ಕಟ್ಟಬಹುದೆಂದು ತೋರಿಸಿದರು. ದೇಶದ ಮೊದಲ ಹಾಸ್ಪಿಸ್ ಅದು. ಆದರೂ ಹಾಸಿಗೆಗಳಿಗೊಂದು ಲೆಕ್ಕ ಇರುತ್ತದೆ, ಹಾಸಿಗೆ ಸಿಗದವರಿಗೆ ಇರುವುದಿಲ್ಲ.

ಈ ಕೊರತೆಗೆ ಬೇರೊಂದು ಉತ್ತರ ಹುಟ್ಟಿದ್ದು ಕೋಳಿಕ್ಕೋಡ್‌ನಲ್ಲಿ.

ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಅರಿವಳಿಕೆ ವಿಭಾಗದ ಪ್ರಾಧ್ಯಾಪಕರಾಗಿದ್ದರು. ಅವರು ಹಲವು ವೇದಿಕೆಗಳಲ್ಲಿ ಹೇಳಿಕೊಂಡಿರುವ ಪ್ರಸಂಗ ಒಂದಿದೆ. ನಾಲಿಗೆಯ ಕ್ಯಾನ್ಸರ್ ಇದ್ದ ಕಾಲೇಜು ಅಧ್ಯಾಪಕರೊಬ್ಬರು ನೋವು ತಾಳಲಾರದೆ ಬಂದರು. ನರಕ್ಕೆ ಸೂಜಿಮದ್ದು ಕೊಟ್ಟು ನೋವು ನಿಲ್ಲಿಸಿದ್ದಾಯಿತು. ಮತ್ತೆ ಯಾವಾಗ ಬರಲಿ ಎಂದು ಅವರು ಕೇಳಿದಾಗ, ಇನ್ನು ಬರಬೇಕಾಗಿಲ್ಲ, ಮುಂದೆ ಮಾಡಲು ಚಿಕಿತ್ಸೆ ಇಲ್ಲ ಎಂಬ ಉತ್ತರ ಸಿಕ್ಕಿತು. ತನ್ನ ರೋಗ ವಾಸಿಯಾಗುವುದಲ್ಲ ಎಂಬುದು ಆ ಮನುಷ್ಯನಿಗೆ ಗೊತ್ತಾದದ್ದೇ ಆ ಕ್ಷಣದಲ್ಲಿ. ಊರಿಗೆ ಹೋದವರು ಜೀವ ಕಳೆದುಕೊಂಡರು. ಸೂಜಿ ನೋವನ್ನು ನಿಲ್ಲಿಸಿತ್ತು, ನೋಯುತ್ತಿದ್ದವನನ್ನು ಯಾರೂ ಮಾತಾಡಿಸಿರಲಿಲ್ಲ. ರಾಜಗೋಪಾಲರ ದಾರಿ ಬದಲಾದದ್ದು ಇಲ್ಲಿಂದ.

ತೊಂಬತ್ತರ ದಶಕದ ಆರಂಭದಲ್ಲಿ ಬ್ರಿಟನ್ನಿನ ನರ್ಸ್ ಗಿಲ್ಲಿ ಬರ್ನ್ ಭಾರತದ ಊರೂರು ಸುತ್ತಿ ನೋವು ಶಮನದ ಪಾಠ ಹೇಳುತ್ತಿದ್ದರು. ಅವರ ಸಂಪರ್ಕ ರಾಜಗೋಪಾಲರನ್ನು ಆಕ್ಸ್‌ಫರ್ಡ್‌ಗೆ, ಡಾ. ರಾಬರ್ಟ್ ಟ್ವೈಕ್ರಾಸ್ ಅವರ ಬಳಿಗೆ ಒಯ್ದಿತು. 1993ರಲ್ಲಿ ರಾಜಗೋಪಾಲ್, ಕಿರಿಯ ಸಹೋದ್ಯೋಗಿ ಡಾ. ಸುರೇಶ್ ಕುಮಾರ್ ಹಾಗೂ ವೈದ್ಯರಲ್ಲದ ಗೆಳೆಯ ಅಶೋಕ್ ಕುಮಾರ್ ಸೇರಿ ಪೇನ್ ಅಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಮೂವರಲ್ಲಿ ಒಬ್ಬರು ವೈದ್ಯರಲ್ಲ ಎಂಬುದನ್ನು ಗಮನಿಸಬೇಕು. ಮುಂದಿನ ಕಥೆಯ ಬೀಜ ಅಲ್ಲೇ ಇದೆ.

ಮೆಡಿಕಲ್ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಶುರುವಾದ ಆ ಕ್ಲಿನಿಕ್ಕು ಬಾಯಿಯಲ್ಲಿ ತೆಗೆದುಕೊಳ್ಳುವ ಮಾರ್ಫಿನ್ನನ್ನು ಮನೆಗೇ ಕೊಟ್ಟು ಕಳಿಸಿತು. ಎಷ್ಟು ಹೊತ್ತಿಗೆ, ಎಷ್ಟು, ಮಲಬದ್ಧತೆಯಾದರೆ ಏನು ಮಾಡಬೇಕು ಎಂದು ಹೆಂಡತಿಗೋ ಮಗನಿಗೋ ಕೂರಿಸಿ ಕಲಿಸಿತು. ಮದ್ದು ಬೀದಿಗೆ ಸೋರಿಹೋಗುತ್ತದೆ ಎಂಬ ಭಯ ಸರ್ಕಾರಿ ಕಚೇರಿಗಳಲ್ಲಿ ಬಲವಾಗಿತ್ತು. ಅದಕ್ಕೆ ಉತ್ತರ ಬಂದದ್ದು 2001ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಎರಡು ವರ್ಷಗಳಲ್ಲಿ 1,723 ರೋಗಿಗಳಿಗೆ ಮನೆಗೆ ಮಾರ್ಫಿನ್ ಕೊಟ್ಟರೂ ದುರ್ಬಳಕೆಯ ಒಂದು ಪ್ರಕರಣವೂ ಕಂಡುಬಂದಿರಲಿಲ್ಲ. ಕಾಯ್ದೆಯ ಗಂಟು ಪೂರ್ತಿ ಸಡಿಲಾಗಲು 2014ರ ತಿದ್ದುಪಡಿಯವರೆಗೆ ಕಾಯಬೇಕಾಯಿತು ಎನ್ನುವುದು ಬೇರೆ ಮಾತು.

ಆದರೆ ಮದ್ದು ಸಿಕ್ಕರೂ ಕೆಲವರು ಎರಡನೆಯ ಸಲ ಬರುತ್ತಿರಲಿಲ್ಲ. ಬೆಟ್ಟದ ಮಗ್ಗುಲ ಹಳ್ಳಿಯಿಂದ ಹಾಸಿಗೆ ಹಿಡಿದವರನ್ನು ಜೀಪಿನಲ್ಲಿ ಕೋಳಿಕ್ಕೋಡ್‌ಗೆ ಕರೆತರಲು ಒಂದು ದಿನದ ಕೂಲಿ ಹೋಗುತ್ತದೆ, ಜೀಪಿನ ಬಾಡಿಗೆ ಬೇರೆ. ಬರದಿದ್ದವರ ಮನೆಗೆ ಹೋಗಿ ನೋಡಿದವರಿಗೆ ಕಂಡದ್ದು ಕ್ಯಾನ್ಸರ್ ಒಂದೇ ಅಲ್ಲ. ದುಡಿಯುವವನೇ ಮಲಗಿದ್ದರಿಂದ ಒಲೆ ಹೊತ್ತಿರಲಿಲ್ಲ, ಮಕ್ಕಳು ಶಾಲೆ ಬಿಟ್ಟಿದ್ದವು, ಚಿಕಿತ್ಸೆಗೆ ಮಾಡಿದ ಸಾಲ ಬೆಳೆಯುತ್ತಿತ್ತು. ಅಂಟುರೋಗವೆಂಬ ಭಯದಿಂದಲೋ ಹುಣ್ಣಿನ ವಾಸನೆಯಿಂದಲೋ ನೆರೆಹೊರೆ ದೂರ ಸರಿದಿತ್ತು. ಇದಕ್ಕೆಲ್ಲ ವೈದ್ಯರ ಬಳಿ ಚೀಟಿ ಬರೆಯಲು ಏನಿರುತ್ತದೆ? ಸಾವು ಸಮಾಜದ ಸಂಗತಿ, ಅದರೊಳಗೆ ವೈದ್ಯಕೀಯದ್ದು ಒಂದು ಪಾಲು ಮಾತ್ರ ಎಂದು ಸುರೇಶ್ ಕುಮಾರ್ ವಾದಿಸತೊಡಗಿದರು.

2000ದ ಆಸುಪಾಸಿನಲ್ಲಿ, ಹೆಚ್ಚಾಗಿ ಮಲಪ್ಪುರಂ ಜಿಲ್ಲೆಯಲ್ಲಿ, ನೆರೆಹೊರೆಯ ಜಾಲವೊಂದು ರೂಪುಗೊಂಡಿತು. ನಿಯಮ ಸರಳ. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲ ಯಾರೇ ಆಗಲಿ ಬರಬಹುದು. ಅವರಿಗೆ ಹದಿನಾರು ಗಂಟೆಗಳ ಪಾಠ, ಆಮೇಲೆ ನಾಲ್ಕು ದಿನ ಅನುಭವಿಗಳ ಜೊತೆ ರೋಗಿಗಳ ನಡುವೆ ತರಬೇತಿ. ಸೇರಿದವರು ಆಟೋ ಚಾಲಕರು, ಶಾಲಾ ಮಾಸ್ತರರು, ಗೃಹಿಣಿಯರು, ಕಾಲೇಜು ಹುಡುಗರು, ಗಲ್ಫಿನಿಂದ ಮರಳಿದವರು. ಹತ್ತು ಹದಿನೈದು ಜನ ಸೇರಿದರೆ ತಮ್ಮ ಊರಿನಲ್ಲಿ ಹಾಸಿಗೆ ಹಿಡಿದವರು ಎಷ್ಟಿದ್ದಾರೆಂದು ಮನೆಮನೆ ಕೇಳಿ ಪಟ್ಟಿ ಮಾಡುತ್ತಿದ್ದರು. ಆಮೇಲೆ ಒಬ್ಬ ನರ್ಸ್, ಒಂದು ಬಾಡಿಗೆ ವಾಹನ, ವಾರಕ್ಕೊಮ್ಮೆಯೋ ಎರಡು ಸಲವೋ ಬರುವ ವೈದ್ಯರು.

ಮನೆಯೊಳಗೆ ನಡೆಯುವ ಕೆಲಸ ನೋಡುವವರಿಗೆ ತೀರಾ ಸಾಮಾನ್ಯ. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬಾಯಿ ತೊಳೆಯುವುದು, ಕೊಳೆತು ನಾರುವ ಗಡ್ಡೆಯ ಮೇಲೆ ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಉದುರಿಸುವುದು. ಹೊಟ್ಟೆ ಕೆಟ್ಟರೆ ನುಂಗುವ ಆ ಅಗ್ಗದ ಮಾತ್ರೆ ದುರ್ವಾಸನೆ ಹುಟ್ಟಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ವಾಸನೆ ಹೋದರೆ ಮೊಮ್ಮಕ್ಕಳು ಮತ್ತೆ ಆ ಕೋಣೆಗೆ ಬರುತ್ತಾರೆ. ದೊಡ್ಡ ಆಸ್ಪತ್ರೆಯ ಲಕ್ಷದ ಬಿಲ್ಲು ಮಾಡಲಾರದ್ದನ್ನು ಇದು ಮಾಡುತ್ತಿತ್ತು. ಸ್ವಯಂಸೇವಕರ ಪಾಲಿಗೆ ಬಂದ ಕಷ್ಟದ ಕೆಲಸ ಇದಕ್ಕಿಂತ ಬೇರೆ: ಅಪ್ಪನಿಗೆ ಮಾತ್ರ ಹೇಳಬೇಡಿ ಎಂದು ಮಕ್ಕಳು ಅಂಗಳದಲ್ಲೇ ಕೈಹಿಡಿದು ಬೇಡುವುದು, ಒಳಗೆ ಹೋದರೆ ನನಗೆಲ್ಲ ಗೊತ್ತು, ಮಕ್ಕಳಿಗೆ ಹೇಳಬೇಡಿ ಎಂದು ಅಪ್ಪನೂ ಬೇಡುವುದು. ಇಬ್ಬರ ನಡುವೆ ಕೂತು ಮಾತಿಗೆ ದಾರಿ ಮಾಡುವುದನ್ನು ಹದಿನಾರು ಗಂಟೆಯ ಪಾಠ ಎಷ್ಟು ಕಲಿಸೀತು? ಉಳಿದದ್ದನ್ನು ಊರಿನ ಒಡನಾಟವೇ ಕಲಿಸಬೇಕಿತ್ತು.

ಹಣ ಚಿಲ್ಲರೆಯಾಗಿಯೇ ಬಂತು. ಅಂಗಡಿ ಕಟ್ಟೆಗಳ ಮೇಲೆ ಡಬ್ಬಿಗಳು, ತಿಂಗಳಿಗೆ ಹತ್ತು ರೂಪಾಯಿಯ ವಂತಿಗೆ, ಒಂದು ದಿನದ ಸಂಗ್ರಹವನ್ನು ಹಾಗೇ ಕೊಟ್ಟುಬಿಡುವ ಖಾಸಗಿ ಬಸ್ಸಿನವರು, ಶಾಲಾ ಮಕ್ಕಳ ಕಾಣಿಕೆ. ಬಂದ ಹಣದಲ್ಲಿ ಮದ್ದಿನ ಜೊತೆ ಅಕ್ಕಿಯೂ ಹೋಗುತ್ತಿತ್ತು, ಶಾಲೆಯ ಪುಸ್ತಕವೂ. ಹಾಸಿಗೆ ಹಿಡಿದವರಿಗೆ ಛತ್ರಿ ಕಟ್ಟುವುದನ್ನು ಕಲಿಸಿ ಮಾರಿಕೊಟ್ಟ ಗುಂಪುಗಳೂ ಇದ್ದವು. ಮಳೆಯ ನಾಡಿನಲ್ಲಿ ಛತ್ರಿಗೆ ಗಿರಾಕಿಗಳ ಬರವಿಲ್ಲ.

ಇದು ಮಲಬಾರಿನಲ್ಲೇ ಏಕೆ ಬೇರುಬಿಟ್ಟಿತು? ಮಲಯಾಳಿಗಳ ಔದಾರ್ಯ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸೋಮಾರಿತನ. 1991ರ ಏಪ್ರಿಲ್ 18ರಂದು ಕೋಳಿಕ್ಕೋಡ್‌ನ ಮಾನಾಂಚಿರ ಮೈದಾನದಲ್ಲಿ ಕೇರಳ ಸಂಪೂರ್ಣ ಸಾಕ್ಷರ ಎಂದು ಘೋಷಿಸಿದವರು ಮಲಪ್ಪುರಂ ಜಿಲ್ಲೆಯ ನವಸಾಕ್ಷರೆ ಚೇಲಕ್ಕೋಡನ್ ಆಯಿಷಾ. ಆ ಆಂದೋಲನ ಸಾವಿರಾರು ಜನರಿಗೆ ಸಂಜೆ ಹೊತ್ತು ಪರರ ಮನೆಗೆ ಹೋಗಿ ಕೂರುವ ರೂಢಿ ಹಚ್ಚಿತ್ತು. 1996ರಲ್ಲಿ ಶುರುವಾದ ಜನಕೀಯ ಯೋಜನೆ ಪಂಚಾಯತಿಗಳ ಕೈಗೆ ಹಣ ಕೊಟ್ಟಿತ್ತು. ಊರೂರಿನ ವಾಚನಾಲಯ, ಕ್ಲಬ್ಬು, ಮಸೀದಿ ಸಮಿತಿಗಳು ಮೊದಲೇ ಇದ್ದವು, ಗಲ್ಫಿನ ದುಡ್ಡೂ ಬರುತ್ತಿತ್ತು. ಹಾಕಿದ್ದ ಹಳಿಯ ಮೇಲೆ ಹೊಸ ರೈಲು ಓಡಿತು ಎನ್ನುವುದೇ ಸರಿ.

ಜಗಳಗಳೂ ನಡೆದವು. ನೋವಿನ ಚಿಕಿತ್ಸೆ ಪರಿಣತರ ಕೆಲಸ, ಊರವರ ಕೈಗೆ ಕೊಟ್ಟರೆ ಗುಣಮಟ್ಟ ಹಾಳಾಗುತ್ತದೆ ಎಂಬ ವೈದ್ಯರ ಆಕ್ಷೇಪದಲ್ಲಿ ಹುರುಳಿತ್ತು. ಹೆಸರು ಬಂದ ಮೇಲೆ ರಾಜಕೀಯ ಪಕ್ಷಗಳು, ಧಾರ್ಮಿಕ ಸಂಘಟನೆಗಳು ತಮ್ಮದೇ ಘಟಕಗಳನ್ನು ತೆರೆದವು. ಒಂದೇ ಊರಿನಲ್ಲಿ ಎರಡೆರಡು ವಾಹನ ಓಡಾಡಿದ್ದುಂಟು.

2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಗೆ, ಅಂದರೆ ಪಾಲಿಯೇಟಿವ್ ಕೇರ್‌ಗೆ, ಪ್ರತ್ಯೇಕ ನೀತಿ ಹೊರಡಿಸಿತು. ದೇಶದಲ್ಲೇ ಅಂಥದು ಮೊದಲು. ಪಂಚಾಯತಿಗಳು ನರ್ಸ್‌ಗಳನ್ನು ನೇಮಿಸಿಕೊಂಡು ಮನೆಮನೆಗೆ ಕಳಿಸತೊಡಗಿದವು. ಎರಡು ವರ್ಷದ ನಂತರ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯುನಿಟ್ ಕೊನೆಗಾಲದ ಆರೈಕೆಯಲ್ಲಿ 40 ದೇಶಗಳನ್ನು ತೂಗಿ ನೋಡಿ ಭಾರತವನ್ನು ನಲವತ್ತನೆಯ ಸ್ಥಾನದಲ್ಲಿಟ್ಟಿತು. ಅದೇ ವರದಿ ದೇಶದ ಜನಸಂಖ್ಯೆಯಲ್ಲಿ ಶೇ. 3ರಷ್ಟಿರುವ ಕೇರಳ ಇಂಥ ಸೇವೆಯ ಮೂರನೇ ಎರಡು ಭಾಗವನ್ನು ನೀಡುತ್ತಿದೆ ಎಂದೂ ಹೇಳಿತು.

ಕರ್ನಾಟಕ ಹಿಡಿದದ್ದು ಇನ್ನೊಂದು ದಾರಿ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಹಾಗೂ ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದವು. ಮುಂದೆ ನಿಂತವರು ಕಿಶೋರ್ ರಾವ್. ಮೊದಲು ಮನೆಗಳಿಗೆ ನರ್ಸ್ ಮತ್ತು ಆಪ್ತಸಲಹೆಗಾರರನ್ನು ಕಳಿಸಿ, 1999ರಲ್ಲಿ ಮಾರತ್ತಹಳ್ಳಿಯ ಬಳಿ ಕರುಣಾಶ್ರಯದ ಕಟ್ಟಡ ತೆರೆದರು. ವಾಸ್ತುಶಿಲ್ಪಿ ಸಂಜಯ್ ಮೋಹೆ ನಡುವೆ ಕೊಳವಿಟ್ಟು ವಾರ್ಡುಗಳನ್ನು ಅದರ ಸುತ್ತ ಹರಡಿದರು. ಅಲ್ಲಿ ಯಾರಿಗೂ ಬಿಲ್ಲಿಲ್ಲ. ರಾತ್ರಿ ಹಗಲು ಕಾದು ಸೋತ ಹೆಂಡತಿ ಒಂದು ವಾರ ನಿದ್ದೆ ಮಾಡಲೆಂದೂ ರೋಗಿಗಳನ್ನು ಸೇರಿಸಿಕೊಳ್ಳುತ್ತಾರೆ. ಊರಿನ ಬೀದಿಗಳಲ್ಲಿ ನಂಟು ತೆಳುವಾದ ಮಹಾನಗರಕ್ಕೆ ಇದು ಒಪ್ಪುವ ಮಾದರಿಯೇ. ಆದರೆ ರಾಯಚೂರು, ಚಾಮರಾಜನಗರಗಳಿಂದ ಬೆಂಗಳೂರಿಗೆ ಬಂದು ಕಿದ್ವಾಯಿಯ ಧರ್ಮಶಾಲೆಯಲ್ಲಿ ಉಳಿದು ಹಿಂತಿರುಗುವ ಸಂಸಾರಗಳಿಗೆ ಕೊಳದ ದಡ ದೂರವೇ.

ಎರಡೂ ದಾರಿಗಳು ಕೂಡುವುದು ಕಾಸರಗೋಡಿನಲ್ಲಿ. 1956ರಲ್ಲಿ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿಹೋದ ಈ ನಾಡಿನ ಕನ್ನಡಿಗರು ಚಿಕಿತ್ಸೆಗೆ ಓಡುವುದು ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಿಗೆ. ಕಿಮೋ ಮುಗಿಸಿ ಮನೆಗೆ ಬಂದ ಮೇಲೆ ಬಾಗಿಲಿಗೆ ಬರುವುದು ಕೇರಳದ ಪಂಚಾಯತಿಯ ಪಾಲಿಯೇಟಿವ್ ನರ್ಸ್. ಮಂಜೇಶ್ವರ, ಕುಂಬಳೆ ಕಡೆಯ ಮನೆಗಳಿಗೆ ಈ ಎರಡು ಸರ್ಕಾರಗಳ ಹಂಚಿಕೆ ಅಭ್ಯಾಸವಾಗಿಹೋಗಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಅರ್ಧ ಹಂಚಿಕೆ ರಾತ್ರೋರಾತ್ರಿ ಕಡಿದುಬಿತ್ತು. ಆಂಬುಲೆನ್ಸ್‌ಗಳು ಹಿಂದಿರುಗಿದವು, ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಆ ವಾರಗಳಲ್ಲಿ ಕೇರಳದ ಅಗ್ನಿಶಾಮಕ ದಳದ ವಾಹನಗಳು ಊರಿಂದೂರಿಗೆ ಮದ್ದು ಸಾಗಿಸಿದವು, ಕ್ಯಾನ್ಸರ್ ರೋಗಿಗಳ ಮದ್ದೂ ಅದರಲ್ಲಿತ್ತು.