ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ನೋವು ಹೋಗಿಲ್ಲ: ಇದು ಬರೀ ಭ್ರಮೆಯೇ?

ರಕ್ತ ಪರೀಕ್ಷೆ ನಾರ್ಮಲ್, ಇಸಿಜಿ ನಾರ್ಮಲ್, ಸ್ಕ್ಯಾನಿಂಗ್ ಕೂಡ ನಾರ್ಮಲ್. ಆದರೂ ಮೈಕೈ ನೋವು, ಸುಸ್ತು, ತಲೆಸುತ್ತು, ಹೊಟ್ಟೆ ಉಬ್ಬರ ಬಿಟ್ಟಿಲ್ಲ. ಇಂಥವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಮನೆಯವರು "ಏನೂ ಇಲ್ಲ, ಎಲ್ಲಾ ನಿನ್ನ ಭ್ರಮೆ" ಎನ್ನುತ್ತಾರೆ. ವಾಟ್ಸಾಪ್ ಸಂದೇಶ "ಫುಲ್ ಬಾಡಿ ಚೆಕಪ್ ಮಾಡಿಸಿ, ಒಳಗೆ ಅಡಗಿರುವ ಕಾಯಿಲೆ ಗೊತ್ತಾಗುತ್ತದೆ" ಎನ್ನುತ್ತದೆ. ಎರಡೂ ದಾರಿ ತಪ್ಪಿಸುತ್ತವೆ.

ನೋವು ನಿಜವೇ?

ನಿಜ. ಸ್ಕ್ಯಾನಿಂಗ್ ಅಂಗದ ಆಕಾರವನ್ನು ತೋರಿಸುತ್ತದೆ, ನರಗಳು ಎಷ್ಟು ಸೂಕ್ಷ್ಮವಾಗಿವೆ ಎಂಬುದನ್ನಲ್ಲ. ಮೈಕಿನ ವಾಲ್ಯೂಮ್ ಹೆಚ್ಚಿಸಿದರೆ ಪಿಸುಮಾತೂ ಕೂಗಿನಂತೆ ಕೇಳುತ್ತದಲ್ಲವೇ? ಹಾಗೆಯೇ ಸೋಂಕು, ಗಾಯ, ನಿದ್ದೆಗೇಡು ಅಥವಾ ದೀರ್ಘಕಾಲದ ಒತ್ತಡದ ನಂತರ ನರಮಂಡಲ ಸಣ್ಣ ಸಂಕೇತವನ್ನೂ ದೊಡ್ಡದಾಗಿ ಗ್ರಹಿಸಬಹುದು. ಅಂಗಾಂಶಕ್ಕೆ ಹಾನಿಯಾದ ಸ್ಪಷ್ಟ ಗುರುತಿಲ್ಲದೆಯೂ ಇಂಥ ನೋವು ಬರುತ್ತದೆ ಎಂಬುದನ್ನು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಪ್ರತ್ಯೇಕ ಹೆಸರು ಕೊಟ್ಟು ಗುರುತಿಸಿದೆ.

ಯಾವಾಗ ಗುರುತಿಸಬೇಕು?

ಲಕ್ಷಣಗಳು ಸುಮಾರು 3 ತಿಂಗಳು ಬಿಡದೆ ಇದ್ದರೆ, ಒಂದು ಕಡಿಮೆಯಾದಾಗ ಇನ್ನೊಂದು ಕಾಣಿಸಿಕೊಂಡರೆ, ಕೆಲಸಕ್ಕೆ ಹೋಗುವುದೇ ಕಷ್ಟವಾದರೆ ವೈದ್ಯರು ಈ ಸಾಧ್ಯತೆಯನ್ನು ಯೋಚಿಸುತ್ತಾರೆ. ಅದಕ್ಕೂ ಮೊದಲು ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಯಂಥ ಸಾಮಾನ್ಯ ಕಾರಣಗಳನ್ನು ಪರೀಕ್ಷಿಸಬೇಕು.

ಈ ಲಕ್ಷಣಗಳಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ:

• ಕಾರಣವಿಲ್ಲದೆ ತೂಕ ಇಳಿಯುವುದು
• ಮಲ, ಮೂತ್ರ ಅಥವಾ ಕಫದಲ್ಲಿ ರಕ್ತ
• ಬಿಡದ ಜ್ವರ, ರಾತ್ರಿ ಬೆವರು, 2 ವಾರ ಮೀರಿದ ಕೆಮ್ಮು
• ಹೊಸ ಗಂಟು, ನುಂಗಲು ಕಷ್ಟ

ಎದೆ ಹಿಂಡಿದಂತಾದರೆ, ದೇಹದ ಒಂದು ಬದಿ ಬಲ ಕಳೆದುಕೊಂಡರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ.

ಬೇಗ ಗುರುತಿಸಿದರೆ ಏನು ಲಾಭ?

ಡಾಕ್ಟರಿಂದ ಡಾಕ್ಟರಿಗೆ, ಸ್ಕ್ಯಾನಿಂದ ಸ್ಕ್ಯಾನಿಗೆ ಅಲೆಯುವುದು ತಪ್ಪುತ್ತದೆ. ಹೆಚ್ಚು ಪರೀಕ್ಷೆ ಮಾಡಿಸಿದಷ್ಟೂ ಯಾವುದೋ ಒಂದು ಅಂಕಿ ಸ್ವಲ್ಪ ಆಚೀಚೆ ಬಂದು ಹೊಸ ಭಯ ಹುಟ್ಟುತ್ತದೆ. ತಲೆನೋವಿಗೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ನೋವಿನ ಮಾತ್ರೆ ನುಂಗುತ್ತಾ ಹೋದರೆ, ಮಾತ್ರೆಯಿಂದಲೇ ತಲೆನೋವು ಬರಬಹುದು.

ಇಂಗ್ಲೆಂಡ್‌ನಲ್ಲಿ ಇಂಥ 354 ಜನರ ಮೇಲೆ ನಡೆದ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ವೈದ್ಯರು ಒಂದು ಗುಂಪಿನವರನ್ನು 4 ಬಾರಿಯವರೆಗೆ ಭೇಟಿಯಾಗಿ, ಅವರ ಮಾತು ಕೇಳಿ, ಲಕ್ಷಣ ಏಕೆ ಬರುತ್ತಿದೆ ಎಂದು ವಿವರಿಸಿ, ನಿಭಾಯಿಸುವ ದಾರಿ ಹೇಳಿಕೊಟ್ಟರು. ಎಂದಿನ ಆರೈಕೆ ಮಾತ್ರ ಪಡೆದವರಿಗಿಂತ ಇವರ ಲಕ್ಷಣಗಳು 1 ವರ್ಷದ ನಂತರ ಕಡಿಮೆಯಾಗಿದ್ದವು.

ನೀವೇನು ಮಾಡಬಹುದು?

• ಒಬ್ಬರೇ ವೈದ್ಯರ ಬಳಿ ಹೋಗಿ, ಹಳೆಯ ರಿಪೋರ್ಟ್ ಎಲ್ಲವನ್ನೂ ತೋರಿಸಿ.
• ಎಲ್ಲಾ ಲಕ್ಷಣಗಳನ್ನು ಬರೆದುಕೊಂಡು ಹೋಗಿ. ನಿದ್ದೆ, ಚಿಂತೆ, ಮನೆಯ ಕಷ್ಟಗಳನ್ನೂ ಹೇಳಿ.
• "ಪರೀಕ್ಷೆ ನಾರ್ಮಲ್ ಆದರೆ ಮುಂದೇನು?" ಎಂದು ಮೊದಲೇ ಕೇಳಿ.
• ನಡಿಗೆಯನ್ನು ನಿಧಾನವಾಗಿ ಹೆಚ್ಚಿಸಿ. ಶ್ರಮಪಟ್ಟ ಮರುದಿನ ಸುಸ್ತು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.
• ಹೊಸ ಲಕ್ಷಣ ಬಂದರೆ "ಹಳೆಯದೇ ಇರಬೇಕು" ಎಂದು ಸುಮ್ಮನಿರಬೇಡಿ.

ನೆನಪಿಡಿ: ರಿಪೋರ್ಟ್ ನಾರ್ಮಲ್ ಎಂದರೆ ಪರೀಕ್ಷಿಸಿದ ಕಾಯಿಲೆ ಕಂಡುಬಂದಿಲ್ಲ ಎಂದರ್ಥ. ನೋವು ಸುಳ್ಳು ಎಂದಲ್ಲ, ಅದಕ್ಕೆ ಚಿಕಿತ್ಸೆಯಿಲ್ಲ ಎಂದೂ ಅಲ್ಲ.