ನಾಯಿಯ ಮುಂಗಾಲಿನ ಮೂರು ಉಗುರು

"ಅಣ್ಣಾ, ಇಂಗ್ಲೆಂಡಲ್ಲಿ ಜನ ನಾಯಿ ಕರ್ಕೊಂಡು ಕಾಡು ಗುಡ್ಡ ಸುತ್ತೋದ್ರಲ್ಲಿ ಯಾವ ರಾಜಕೀಯ ಇದೆ? ಅದು ಶ್ರೀಮಂತರ ವೀಕೆಂಡ್ ಅಷ್ಟೇ ಅಲ್ವಾ?" ಅಂತ ಅಲ್ಲಿ ಓದ್ತಿರೋ ನಮ್ಮ ಹುಡುಗನೊಬ್ಬ ಕೇಳಿದ. ಕಾಮೆಂಟಲ್ಲಿ ಎರಡು ಸಾಲು ಬರೆದು ಮುಗಿಸೋ ವಿಷಯ ಅಲ್ಲ ಇದು. ಅದಕ್ಕೇ ಈ ಉದ್ದನೆಯ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಇವತ್ತಿನ ಚಿತ್ರ ನೋಡೋಣ. ಲಂಡನ್ನಿನ ವಾಯವ್ಯಕ್ಕೆ ಚಿಲ್ಟರ್ನ್ಸ್ ಅನ್ನೋ ಸುಣ್ಣಕಲ್ಲಿನ ಗುಡ್ಡಸಾಲು ಇದೆ. ಬೀಚ್ ಮರಗಳ ಕಾಡು, ವಸಂತದಲ್ಲಿ ನೆಲದ ತುಂಬಾ ನೀಲಿ ಬ್ಲೂಬೆಲ್ ಹೂವು. ಖಾಸಗಿ ಹೊಲದ ನಡುವೆಯೇ ಕಾಲುದಾರಿ ಹಾದು ಹೋಗುತ್ತೆ. ಬೇಲಿ ಬಂದಲ್ಲಿ ಹತ್ತಿ ಇಳಿಯೋಕೆ ಮರದ ಮೆಟ್ಟಿಲು. ಎಷ್ಟೋ ಕಡೆ ಅದರ ಪಕ್ಕದಲ್ಲೇ ಎತ್ತಿ ಇಳಿಸುವ ಚಿಕ್ಕ ಹಲಗೆ, ಅದು ನಾಯಿ ನುಸುಳೋಕೆ ಮಾಡಿದ್ದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ಸಾರ್ವಜನಿಕ ದಾರಿಗಳ ಉದ್ದ ಸುಮಾರು 1,40,000 ಮೈಲಿ. ನೆಲದ ಒಡೆಯ ಯಾರೇ ಆಗಿರಲಿ, ಆ ದಾರಿಯಲ್ಲಿ ನೀವು ನಡೆಯಬಹುದು, ನಿಮ್ಮ ನಾಯಿಯೂ ಜೊತೆಗೆ ಬರಬಹುದು.

ಈ ಚಿತ್ರ ನೋಡೋಕೆ ಚೆಂದ. ಆದರೆ ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಲ್ಲ. ಇದರ ಹಿಂದೆ ಸುಮಾರು 900 ವರ್ಷದ ಜಗಳ ಇದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ರಾಜ ವಿಲಿಯಂ ದೊಡ್ಡ ದೊಡ್ಡ ಪ್ರದೇಶಗಳನ್ನು ತನ್ನ ಬೇಟೆಗಾಗಿ 'ಫಾರೆಸ್ಟ್' ಅಂತ ಘೋಷಿಸಿದ. ಗಮನಿಸಿ, ಆಗ ಫಾರೆಸ್ಟ್ ಅಂದ್ರೆ ಬರೀ ಮರ ಇರೋ ಜಾಗ ಅಲ್ಲ, ರಾಜನ ಬೇಟೆ ಕಾನೂನು ನಡೆಯೋ ಜಾಗ. ಅದರೊಳಗೆ ಹಳ್ಳಿಗಳಿದ್ದವು, ಹೊಲಗಳಿದ್ದವು, ಜನ ಇದ್ದರು. ಜಿಂಕೆ ಮಾತ್ರ ರಾಜನದು. ಬಡವನ ನಾಯಿ ಜಿಂಕೆ ಹಿಂದೆ ಓಡಿಬಿಟ್ರೆ? ಅದಕ್ಕೊಂದು ಉಪಾಯ ಮಾಡಿದ್ರು: ನಾಯಿಯ ಮುಂಗಾಲಿನ ಮೂರು ಉಗುರು ಕತ್ತರಿಸಿಬಿಡೋದು. ಮನೆ ಕಾಯೋಕೆ ನಾಯಿ ಇರಲಿ, ಓಡೋಕೆ ಮಾತ್ರ ಆಗಬಾರದು.

1217ರಲ್ಲಿ ಬಂದ 'ಚಾರ್ಟರ್ ಆಫ್ ದಿ ಫಾರೆಸ್ಟ್' ಬಡವರಿಗೆ ಕೆಲವು ಹಕ್ಕು ವಾಪಸ್ ಕೊಟ್ಟ ದಾಖಲೆ. ಅದರಲ್ಲೂ ನಾಯಿಗೆ ಅಂತಾನೇ ಒಂದು ಕಲಮು ಇದೆ. ಮೂರು ವರ್ಷಕ್ಕೊಮ್ಮೆ ತಪಾಸಣೆ. ಉಗುರು ಕತ್ತರಿಸದ ನಾಯಿ ಸಿಕ್ಕರೆ ಮೂರು ಷಿಲ್ಲಿಂಗ್ ದಂಡ. ಇನ್ನು ಮುಂದೆ ಈ ತಪ್ಪಿಗೆ ಎತ್ತು ಹಿಡ್ಕೊಂಡು ಹೋಗುವಂತಿಲ್ಲ ಅಂತಲೂ ಬರೆದಿದ್ದಾರೆ. ಅಂದ್ರೆ ಅಲ್ಲಿವರೆಗೆ ನಾಯಿಯ ಉಗುರಿಗಾಗಿ ರೈತನ ಎತ್ತನ್ನೇ ಹೊಡ್ಕೊಂಡು ಹೋಗ್ತಿದ್ರು! ನ್ಯೂ ಫಾರೆಸ್ಟಿನ ಲಿಂಡ್‌ಹರ್ಸ್ಟ್ ಊರಲ್ಲಿ ಒಂದು ಹಳೇ ರಿಕಾಪು ಇಟ್ಟಿದ್ದಾರೆ, ಕುದುರೆ ಸವಾರ ಕಾಲಿಡೋ ರಿಕಾಪು. ಅದರೊಳಗೆ ತೂರುವಷ್ಟು ಸಣ್ಣ ನಾಯಿ ಬಚಾವು, ತೂರದಿದ್ರೆ ಉಗುರು ಹೋಯ್ತು ಅಂತ ಅಲ್ಲಿನ ಜನ ಹೇಳ್ಕೊಂಡು ಬಂದಿದ್ದಾರೆ.

1381ರಲ್ಲಿ ಅಲ್ಲಿ ದೊಡ್ಡ ರೈತ ದಂಗೆ ಆಯ್ತು. ಅದಾಗಿ ಹತ್ತು ವರ್ಷ ಆಗೋದ್ರೊಳಗೆ ಇನ್ನೊಂದು ಕಾನೂನು ಬಂತು. ವರ್ಷಕ್ಕೆ 40 ಷಿಲ್ಲಿಂಗ್ ಹುಟ್ಟುವಳಿಯ ಭೂಮಿ ಇಲ್ಲದವನು ಬೇಟೆನಾಯಿ ಸಾಕುವಂತಿಲ್ಲ. ಕೊಟ್ಟ ಕಾರಣ ಏನು ಗೊತ್ತಾ? ಕೂಲಿಯವರು, ಕಸುಬಿನವರು ಹಬ್ಬದ ದಿನ ಬೇಟೆ ನೆಪದಲ್ಲಿ ಸೇರಿ ಒಳಸಂಚು ಮಾಡ್ತಾರೆ ಅಂತ. ಭಯ ಇದ್ದದ್ದು ನಾಯಿ ಮೇಲಲ್ಲ, ನಾಲ್ಕು ಜನ ಬಡವರು ಒಟ್ಟಿಗೆ ನಡೆಯೋದ್ರ ಮೇಲೆ. 1671ರ ಬೇಟೆ ಕಾನೂನಿನಲ್ಲಿ ಈ ಮಿತಿ ವರ್ಷಕ್ಕೆ 100 ಪೌಂಡಿಗೆ ಏರಿತು. ಜಮೀನ್ದಾರನ ಕಾವಲುಗಾರನಿಗೆ ಬಡವರ ಮನೆ ಹೊಕ್ಕು ಬಲೆ, ಬಂದೂಕು, ನಾಯಿ ಹುಡುಕಿ ವಶ ಮಾಡ್ಕೊಳ್ಳೋ ಅಧಿಕಾರ ಸಿಕ್ಕಿತು. 1723ರ 'ಬ್ಲ್ಯಾಕ್ ಆಕ್ಟ್' ಇನ್ನೂ ಕ್ರೂರ. ಮುಖಕ್ಕೆ ಮಸಿ ಬಳ್ಕೊಂಡು ಆಯುಧ ಹಿಡಿದು ಜಿಂಕೆ ಕಾಡಿಗೆ ಹೋದ್ರೆ ಗಲ್ಲು. ಇದರ ಚರಿತ್ರೆಯನ್ನು ಇ.ಪಿ. ಥಾಂಪ್ಸನ್ 1975ರಲ್ಲಿ 'ವಿಗ್ಸ್ ಅಂಡ್ ಹಂಟರ್ಸ್' ಪುಸ್ತಕದಲ್ಲಿ ಬರೆದಿದ್ದಾರೆ.

ಇದನ್ನೆಲ್ಲ ಓದುವಾಗ ನನಗೆ ಮನುಸ್ಮೃತಿಯ ಹತ್ತನೇ ಅಧ್ಯಾಯ ನೆನಪಾಗದೆ ಇರೋಕೆ ಸಾಧ್ಯವೇ ಇಲ್ಲ. ಚಂಡಾಲರು, ಶ್ವಪಚರು ಊರ ಹೊರಗಿರಬೇಕು, ಅವರಿಗೆ ಆಸ್ತಿ ಅಂತ ಇರೋದು ನಾಯಿ ಮತ್ತು ಕತ್ತೆ ಅಂತ ಅಲ್ಲಿ ವಿಧಿಸಲಾಗಿದೆ. ಇಂಗ್ಲೆಂಡಿನ ಕಾನೂನು ಬಡವನಿಂದ ನಾಯಿ ಕಿತ್ಕೊಳ್ತು. ಇಲ್ಲಿನ ಶಾಸ್ತ್ರ ಬೇರೆಲ್ಲ ಕಿತ್ಕೊಂಡು ನಾಯಿ ಒಂದನ್ನೇ ಬಿಡ್ತು. ಎರಡೂ ಕಡೆ ನಾಯಿಯ ಹೆಸರಲ್ಲಿ ಅಳೆದದ್ದು ಮನುಷ್ಯನನ್ನೇ.

ಆದರೆ ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ಅದು ತಪ್ಪಾಗುತ್ತೆ. ಇಂಗ್ಲೆಂಡಿನ ಕೂಲಿಕಾರ ಕಾಡಿಗೆ ಕಾಲಿಟ್ಟರೆ ಕಳ್ಳ ಅನ್ನಿಸ್ಕೊಳ್ತಿದ್ದ, ಕಾಡು ಮೈಲಿಗೆ ಆಗ್ತಿರಲಿಲ್ಲ. ದುಡ್ಡು ಮಾಡಿ ಜಮೀನು ಕೊಂಡರೆ ಅವನ ಮಕ್ಕಳು ಬೇಟೆಯಾಡಬಹುದಿತ್ತು. ನಮಗೆ ಆ ಬಾಗಿಲೂ ಇರಲಿಲ್ಲ. ಮಹಾಡಿನ ಚವದಾರ್ ಕೆರೆಯಲ್ಲಿ ದನ, ನಾಯಿ ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ. ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದು ಯಾಕೆ ಅನ್ನೋದೂ ಈಗ ಇನ್ನಷ್ಟು ಸ್ಪಷ್ಟ ಆಗುತ್ತೆ.

ಮತ್ತೆ ಚಿಲ್ಟರ್ನ್ಸಿಗೆ ಬರೋಣ. 1604ರಿಂದ 1914ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟ್ 5,200ಕ್ಕೂ ಹೆಚ್ಚು ಕಾನೂನು ಮಾಡಿ ಸುಮಾರು 68 ಲಕ್ಷ ಎಕರೆ ಭೂಮಿಗೆ ಬೇಲಿ ಹಾಕಿಸ್ತು. ನಮ್ಮ ಗೋಮಾಳ ಇದ್ದ ಹಾಗೆ ಊರವರು ದನ ಮೇಯಿಸ್ತಿದ್ದ, ಸೌದೆ ತರ್ತಿದ್ದ ಜಾಗಗಳೂ ಅದರಲ್ಲಿ ಸೇರಿದ್ದವು. 1866ರಲ್ಲಿ ಬರ್ಕ್‌ಹ್ಯಾಮ್‌ಸ್ಟೆಡ್ ಅನ್ನೋ ಊರಿನ ಇಂಥದೇ ಜಾಗಕ್ಕೆ ಆ್ಯಷ್‌ರಿಜ್ ಎಸ್ಟೇಟಿನ ಲಾರ್ಡ್ ಬ್ರೌನ್‌ಲೋ ಕಬ್ಬಿಣದ ಬೇಲಿ ಹಾಕಿಸಿದ. ಮಾರ್ಚ್ 6ರ ರಾತ್ರಿ ಲಂಡನ್ನಿನಿಂದ ವಿಶೇಷ ರೈಲಲ್ಲಿ ಸುಮಾರು 120 ಕೂಲಿಯವರು ಬಂದಿಳಿದರು. ಬೆಳಗಾಗೋ ಹೊತ್ತಿಗೆ ಬೇಲಿ ನೆಲಕ್ಕೆ ಬಿದ್ದಿತ್ತು. ಕೋರ್ಟಿನಲ್ಲೂ ಬ್ರೌನ್‌ಲೋ ಸೋತ. ಇವತ್ತು ಆ್ಯಷ್‌ರಿಜ್ ಕಾಡಲ್ಲಿ ನಾಯಿ ಬಿಟ್ಕೊಂಡು ನಡೆಯೋ ಎಷ್ಟು ಜನಕ್ಕೆ ಆ ರಾತ್ರಿ ನೆನಪಿದೆಯೋ!

ಇಲ್ಲೂ ಒಂದು ಮಾತು ಹೇಳಲೇಬೇಕು. ಆ ರೈಲು ಕಳಿಸಿದ್ದು ಆಗಸ್ಟಸ್ ಸ್ಮಿತ್ ಅನ್ನೋ ಶ್ರೀಮಂತ. ಬೇಲಿ ಕಿತ್ತ ಕೂಲಿಯವರ ಹೆಸರು ಯಾರಿಗೂ ಗೊತ್ತಿಲ್ಲ. ಲಂಡನ್ ಪಕ್ಕದ ಎಪಿಂಗ್ ಕಾಡಲ್ಲಿ ಥಾಮಸ್ ವಿಲಿಂಗೇಲ್ ಅನ್ನೋ ಕಾರ್ಮಿಕ ಚಳಿಗಾಲದ ಸೌದೆಗಾಗಿ ಮರದ ಕೊಂಬೆ ಕಡಿಯೋ ಹಳೇ ಹಕ್ಕನ್ನು ಬಿಟ್ಟುಕೊಡಲಿಲ್ಲ. ಅವನ ಕುಟುಂಬದವರು ಜೈಲಿಗೂ ಹೋದರು. ಕೊನೆಗೆ 1878ರಲ್ಲಿ ಎಪಿಂಗ್ ಫಾರೆಸ್ಟ್ ಆಕ್ಟ್ ಬಂತು. ಕಾಡು ಸಾರ್ವಜನಿಕರಿಗೆ ಉಳಿಯಿತು, ಆದರೆ ಕೊಂಬೆ ಕಡಿಯೋ ಹಕ್ಕು ಹೋಯ್ತು. ಪರಿಹಾರದ ಹಣದಲ್ಲಿ ಲೌಟನ್ ಊರಿಗೆ 'ಲಾಪಿಂಗ್ ಹಾಲ್' ಅಂತ ಒಂದು ಕಟ್ಟಡ ಬಂತು. ಸೌದೆ ಕೇಳಿದವನಿಗೆ ವಾಕಿಂಗ್ ಸಿಕ್ಕಿತು!

ಈ 1878 ಅನ್ನೋ ವರ್ಷ ನೆನಪಿಟ್ಕೊಳ್ಳಿ. ಅದೇ ವರ್ಷ ಅದೇ ಬ್ರಿಟಿಷ್ ಆಳ್ವಿಕೆ ನಮ್ಮಲ್ಲಿ ಇಂಡಿಯನ್ ಫಾರೆಸ್ಟ್ ಆಕ್ಟ್ ತಂತು. ಲಂಡನ್ನಿನವರಿಗೆ ಕಾಡು ತೆರೆದ ವರ್ಷವೇ ನಮ್ಮ ಆದಿವಾಸಿಗಳಿಗೆ, ಕಾಡಂಚಿನ ಬಡವರಿಗೆ ಕಾಡು ಮುಚ್ಚಿತು. ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದ ಉತ್ತರ ಕನ್ನಡಕ್ಕೂ ಅದು ಅನ್ವಯ ಆಯ್ತು. ರಿಸರ್ವ್ ಫಾರೆಸ್ಟ್ ಅಂತ ಗೆರೆ ಎಳೆದ ಮೇಲೆ ಸೌದೆ ತಂದವನು, ಜೇನು ಕಿತ್ತವನು, ದನ ನುಗ್ಗಿಸಿದವನು ಎಲ್ಲರೂ ಅಪರಾಧಿಗಳೇ. ಆ ಗೆರೆ ಸ್ವಲ್ಪ ಅಳಿಸೋಕೆ 2006ರ ಅರಣ್ಯ ಹಕ್ಕು ಕಾಯ್ದೆವರೆಗೆ ಕಾಯಬೇಕಾಯ್ತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ನಾಗರಹೊಳೆಯ ಜೇನುಕುರುಬರು ಇನ್ನೂ ಬೀದಿಯಲ್ಲಿ ನಿಂತು ಕೇಳ್ತಾನೇ ಇದ್ದಾರೆ.

ಇಂಗ್ಲೆಂಡಿನಲ್ಲೂ ಮುಂದಿನ ಹೆಜ್ಜೆ ಇಟ್ಟಿದ್ದು ಕಾರ್ಮಿಕರೇ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರಿನ ಬೆನ್ನಿ ರಾಥ್‌ಮನ್ ಅನ್ನೋ 20 ವರ್ಷದ ಯಹೂದಿ ಹುಡುಗನ ಮುಂದಾಳತ್ವದಲ್ಲಿ ನೂರಾರು ಜನ ಕಿಂಡರ್ ಸ್ಕೌಟ್ ಗುಡ್ಡ ಹತ್ತಿದರು. ಅದು ಗ್ರೌಸ್ ಹಕ್ಕಿ ಬೇಟೆಗೆ ಮೀಸಲಿಟ್ಟಿದ್ದ ಜಾಗ. ಐದು ಜನ ಯುವಕರಿಗೆ 2ರಿಂದ 6 ತಿಂಗಳು ಜೈಲಾಯ್ತು. ಅದೇ ಹೊತ್ತಲ್ಲಿ ನಾಸಿಕದಲ್ಲಿ 1930ರಲ್ಲಿ ಶುರುವಾಗಿದ್ದ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹ ಇನ್ನೂ ಮುಗಿದಿರಲಿಲ್ಲ. ಇಬ್ಬರಿಗೂ ಪರಸ್ಪರ ಗೊತ್ತಿರಲಿಕ್ಕಿಲ್ಲ. ಆದರೆ ಇಬ್ಬರ ದಾರಿಯೂ ಒಂದೇ: ಬೇಡ ಅಂದ ಕಡೆ ಗುಂಪಾಗಿ ಕಾಲಿಡೋದು.

ಮುಂದೆ 1949ರ ಕಾನೂನಿನಿಂದ ರಾಷ್ಟ್ರೀಯ ಉದ್ಯಾನಗಳು ಬಂದವು. 2000ದ ಕಾನೂನು ಗುಡ್ಡ, ಬಯಲು, ಊರ ಸಾಮುದಾಯಿಕ ಜಾಗಗಳಲ್ಲಿ ದಾರಿ ಬಿಟ್ಟೂ ತಿರುಗಾಡೋ ಹಕ್ಕು ಕೊಡ್ತು. ನಾಯಿಗೂ ಅವಕಾಶ ಇದೆ, ಷರತ್ತೂ ಇದೆ. ನೆಲದ ಮೇಲೆ ಗೂಡು ಕಟ್ಟೋ ಹಕ್ಕಿಗಳಿಗಾಗಿ ಮಾರ್ಚ್ 1ರಿಂದ ಜುಲೈ 31ರವರೆಗೆ ಈ ಜಾಗಗಳಲ್ಲಿ ನಾಯಿಗೆ ಎರಡು ಮೀಟರ್ ಒಳಗಿನ ಹಗ್ಗ ಇರಬೇಕು. ಕುರಿ, ದನ ಹತ್ತಿರ ಇದ್ರೆ ವರ್ಷವಿಡೀ ಇರಬೇಕು. ಇದು ನ್ಯಾಯವೇ. ಕುರಿ ಕಾಯೋನ ನಷ್ಟ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಗ್ರೌಸ್ ಬೇಟೆಯ ಬಯಲಿಗೆ ಮಾತ್ರ ಒಡೆಯ ಐದು ವರ್ಷದವರೆಗೆ ನಾಯಿಗಳನ್ನೇ ನಿಷೇಧಿಸಬಹುದು. ಉಗುರು ಕತ್ತರಿಸೋದು ನಿಂತಿದೆ, ಬೇಟೆಯವರ ಮಾತು ನಡೆಯೋದು ನಿಂತಿಲ್ಲ.

ಹಾಗೆ ತಿರುಗಾಡೋ ಹಕ್ಕಿರೋದು ಇಂಗ್ಲೆಂಡಿನ ಸುಮಾರು ಶೇ. 8ರಷ್ಟು ನೆಲದಲ್ಲಿ ಮಾತ್ರ. ಕಾಡುಗಳಲ್ಲಿ ಬಹುಪಾಲು ಇನ್ನೂ ಹೊರಗೇ ಇವೆ. ಹಕ್ಕಿದ್ದ ಕಡೆಯೂ ಎಲ್ಲರಿಗೂ ಅಳುಕಿಲ್ಲದೆ ನಡೆಯೋಕೆ ಆಗುತ್ತಾ? ಗಯಾನಾದಲ್ಲಿ ಹುಟ್ಟಿದ ಕಪ್ಪು ಕಲಾವಿದೆ ಇಂಗ್ರಿಡ್ ಪೊಲಾರ್ಡ್ 1980ರ ದಶಕದಲ್ಲಿ 'ಪ್ಯಾಸ್ಟೋರಲ್ ಇಂಟರ್‌ಲ್ಯೂಡ್' ಅಂತ ಒಂದು ಫೋಟೋ ಸರಣಿ ಮಾಡಿದರು. ಹಸಿರು ಗುಡ್ಡ, ಕಲ್ಲಿನ ಬೇಲಿ, ಅದರ ನಡುವೆ ಕಪ್ಪು ಜನ. ಇಲ್ಲಿ ನಿನಗೇನು ಕೆಲಸ ಅಂತ ನೋಡೋ ಕಣ್ಣುಗಳ ನಡುವಿನ ಅಳುಕು ಆ ಚಿತ್ರಗಳಲ್ಲಿದೆ. ಆ ನೋಟ ನಮಗೂ ಗೊತ್ತು. ಮೇಲ್ಜಾತಿ ಬೀದಿಯಲ್ಲಿ ಚಪ್ಪಲಿ ಕೈಗೆ ತಗೊಂಡು ನಡೆದ ತಲೆಮಾರು ನಮ್ಮ ಮನೆಗಳಲ್ಲಿ ಇನ್ನೂ ಬದುಕಿದೆ.

ಇಷ್ಟರಿಂದ ನಾವು ಕಲಿಯೋದೇನು? ನನಗೆ ಅತಿ ಮುಖ್ಯ ಅನ್ನಿಸಿದ್ದು ನಕ್ಷೆ. 1949ರ ಕಾನೂನು ಕಾಲುದಾರಿಗಳನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕು ಅಂತ ಕೌಂಟಿ ಕೌನ್ಸಿಲ್‌ಗಳಿಗೆ ಹೇಳಿತು. ನಕ್ಷೆಯಲ್ಲಿ ಗೆರೆ ಇದ್ದರೆ ಅದೇ ಸಾಕ್ಷಿ, ಒಡೆಯನ ವಾದ ನಡೆಯೋದಿಲ್ಲ. ನಮ್ಮಲ್ಲೂ ಗ್ರಾಮ ನಕ್ಷೆ ಇದೆ, 'ನಕಾಶೆ ಕಂಡ ದಾರಿ' ಅನ್ನೋ ಮಾತಿದೆ. ನಿಮ್ಮ ಕೇರಿಯಿಂದ ಸ್ಮಶಾನಕ್ಕೆ, ಕೆರೆಗೆ, ಗೋಮಾಳಕ್ಕೆ ಹೋಗೋ ದಾರಿ ಆ ನಕ್ಷೆಯಲ್ಲಿ ಇದೆಯಾ? ಇದ್ದ ದಾರಿಗೆ ಯಾರ ಬೇಲಿ ಬಿದ್ದಿದೆ? ಈ ವಾರ ತಾಲ್ಲೂಕು ಕಚೇರಿಗೆ ಹೋಗಿ ನಕ್ಷೆಯ ನಕಲು ತೆಗೆಸಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಒಟ್ಟಿಗೆ ಹೋಗಿ.

ಜೈಭೀಮ್.